ಕುದುರೆಮರಿಯ ಕೀಲೂ ಶಸ್ತ್ರವೈದ್ಯನ ಕತ್ತಿಯೂ

ಬೆಳಕು ಗಾಜಿನಿಂದ ಗಾಳಿಗೆ ಹೊರಡುವಾಗ ಒಂದು ನಿರ್ದಿಷ್ಟ ಕೋನವನ್ನು ಮೀರಿ ಬಾಗಿದ್ದರೆ, ಅದು ಹೊರಗೆ ಹೋಗಲಾರದೆ ಪೂರ್ಣವಾಗಿ ಒಳಕ್ಕೇ ಹಿಂದಿರುಗುತ್ತದೆ. ಈ ಪಾಠವನ್ನು ನಾವು ಪ್ರತಿವರ್ಷವೂ ಬೋಧಿಸುತ್ತೇವೆ. ಪ್ರತಿವರ್ಷವೂ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬರುತ್ತದೆ: ಇದರಿಂದ ಆಗುವ ಉಪಯೋಗವೇನು? ಈ ಬಾರಿ ನಾವು ಕೊಟ್ಟ ಉತ್ತರ ತರಗತಿಯನ್ನು ನಗಿಸಿತು. ಕುಂಟುವ ಕುದುರೆಮರಿಯನ್ನು ಇದರಿಂದ ಓಡುವಂತೆ ಮಾಡಬಹುದು ಎಂದೆವು. ನಗು ಅಡಗಿದ ಮೇಲೆ ವಿಷಯವನ್ನು ವಿವರಿಸಿದೆವು. ವಿವರಿಸುತ್ತ ಹೋದಂತೆ ನಮ್ಮ ಮನಸ್ಸಿನಲ್ಲಿಯೇ ಒಂದು ಪ್ರಶ್ನೆ ಎದ್ದಿತು. ಇಷ್ಟು ಸೊಗಸಾದ ಸಾಧನವನ್ನು ಮನುಷ್ಯನು ಬಳಸುತ್ತಿರುವುದು ಕುದುರೆಯ ನೋವನ್ನು ನೀಗುವುದಕ್ಕೋ, ಅದರ ಬೆಲೆಯನ್ನು ಏರಿಸುವುದಕ್ಕೋ? ಆ ಪ್ರಶ್ನೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ರೋಗದ ಪರಿಚಯ ಮಾಡಿಕೊಳ್ಳೋಣ. ಹುಟ್ಟಿದ ಕುದುರೆಮರಿಯ ಎಲುಬುಗಳ ತುದಿಗಳು ಪೂರ್ತಿ ಎಲುಬಾಗಿರುವುದಿಲ್ಲ. ಅವುಗಳ ಮೇಲೆ ದಪ್ಪನಾದ ಮೃದ್ವಸ್ಥಿಯ, ಎಂದರೆ ಮೆತ್ತೆಲುಬಿನ, ಹೊದಿಕೆಯಿರುತ್ತದೆ. ಮರಿ ಬೆಳೆದಂತೆ ಈ ಹೊದಿಕೆಯ ಒಳಭಾಗ ಕ್ರಮವಾಗಿ ಗಟ್ಟಿ ಎಲುಬಾಗಿ ಮಾರ್ಪಡುತ್ತದೆ. ಹೊರಗಿನ ತೆಳುವಾದ ಪದರ ಮಾತ್ರ ಕೀಲು ನುಣುಪಾಗಿ ಆಡಲೆಂದು ಜೀವನಪರ್ಯಂತ ಉಳಿಯುತ್ತದೆ. ಈ ಮಾರ್ಪಾಟು ಎಲ್ಲಿಯಾದರೂ ಒಂದೆಡೆ ನಿಂತುಹೋದರೆ, ಅಲ್ಲಿ ಎಲುಬಾಗದ ಮೃದ್ವಸ್ಥಿಯ ಗಂಟು ಉಳಿದುಬಿಡುತ್ತದೆ. ವೈದ್ಯರು ಇದನ್ನು ಆಸ್ಟಿಯೊಕಾಂಡ್ರೋಸಿಸ್ ಎಂದು ಕರೆಯುತ್ತಾರೆ. ಆ ದುರ್ಬಲ ಸ್ಥಳದ ಮೇಲೆ ಓಟದ, ನೆಗೆತದ ಭಾರ ಬಿದ್ದಾಗ ಮೇಲಿನ ಪದರ ಬಿರಿಯಬಹುದು. ಬಿರಿದ ತುಣುಕು ಕಿತ್ತುಬಂದು ಕೀಲಿನೊಳಗೆ ಸಡಿಲವಾಗಿ ತೇಲಲೂಬಹುದು. ಆಗ ಕೀಲಿನಲ್ಲಿ ನೀರು ತುಂಬಿ ಊತ ಕಾಣುತ್ತದೆ. ಕೆಲವು ಮರಿಗಳು ಕುಂಟುತ್ತವೆ. ಮನುಷ್ಯರಲ್ಲಿಯೂ ಇಂಥ ತುಣುಕುಗಳುಂಟು. ಜರ್ಮನಿಯ ಶಸ್ತ್ರವೈದ್ಯ ಫ್ರಾಂಟ್ಸ್ ಕೋನಿಗ್ ಅವುಗಳ ಕಾರಣವನ್ನು ಕುರಿತು ೧೮೮೭ರಲ್ಲಿಯೇ ಬರೆದಿದ್ದನು.

ಮಾರ್ಪಾಟು ನಿಲ್ಲುವುದೇಕೆ? ಇಲ್ಲಿ ಭೌತಶಾಸ್ತ್ರ ನಮ್ಮ ನೆರವಿಗೆ ಬರುತ್ತದೆ. ಬೆಳೆದ ಕುದುರೆಯ ತೆಳು ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ; ಕೀಲಿನ ದ್ರವದಿಂದ ಆಹಾರವು ವಿಸರಣದಿಂದಲೇ ಅದರೊಳಗೆ ಇಳಿಯುತ್ತದೆ. ಆದರೆ ವಿಸರಣಕ್ಕೆ ಹಿಡಿಯುವ ಕಾಲ ದೂರದ ವರ್ಗಕ್ಕೆ ಅನುಪಾತದಲ್ಲಿರುತ್ತದೆ: ದೂರ ಎರಡರಷ್ಟಾದರೆ ಕಾಲ ನಾಲ್ಕರಷ್ಟು, ದೂರ ಹತ್ತರಷ್ಟಾದರೆ ಕಾಲ ನೂರರಷ್ಟು. ಆದ್ದರಿಂದ ಮರಿಯ ದಪ್ಪ ಮೃದ್ವಸ್ಥಿಗೆ ವಿಸರಣವೊಂದೇ ಸಾಲದು. ಪ್ರಕೃತಿಯು ಅದರೊಳಗೆ ಸಣ್ಣ ಕಾಲುವೆಗಳನ್ನು ತೋಡಿ ತಾತ್ಕಾಲಿಕವಾಗಿ ರಕ್ತನಾಳಗಳನ್ನು ಹರಿಸಿರುತ್ತದೆ. ಎಲುಬಿನ ಗಡಿ ಮುಂದೊತ್ತಿದಂತೆ ಈ ನಾಳಗಳು ಆ ಗಡಿಯನ್ನು ದಾಟಬೇಕಾಗುತ್ತದೆ. ದಾಟುವ ಜಾಗದಲ್ಲಿ ನಾಳ ಕೆಟ್ಟರೆ ಅದರ ಮುಂದಿನ ಮೃದ್ವಸ್ಥಿ ಆಹಾರವಿಲ್ಲದೆ ಸಾಯುತ್ತದೆ. ಸತ್ತ ಮೃದ್ವಸ್ಥಿ ಎಲುಬಾಗಲಾರದು. ಸ್ಕ್ಯಾಂಡಿನೇವಿಯದ ಪಶುವೈದ್ಯ ವಿಜ್ಞಾನಿಗಳು ಹಂದಿಮರಿಗಳಲ್ಲಿಯೂ ಕುದುರೆಮರಿಗಳಲ್ಲಿಯೂ ದೀರ್ಘಕಾಲ ನಡೆಸಿದ ಸಂಶೋಧನೆಯಿಂದ ಈ ವಿವರಣೆ ದೃಢಪಟ್ಟಿದೆ.

ರೋಗವು ಹೆಚ್ಚಾಗಿ ಕಾಣುವ ಸ್ಥಳಗಳು ಎರಡು. ಕುದುರೆಯ ಹಿಂಗಾಲಿನಲ್ಲಿ ಹಿಂದಕ್ಕೆ ಮಡಿಸಿದಂತೆ ಕಾಣುವ ಕೀಲನ್ನು ಹಲವರು ಮೊಣಕಾಲೆಂದು ಭಾವಿಸುತ್ತಾರೆ. ಅದು ಮೊಣಕಾಲಲ್ಲ, ನಮ್ಮ ಹಿಮ್ಮಡಿಗೆ ಸರಿಯಾದ ಕೀಲು. ಕುದುರೆಯ ನಿಜವಾದ ಮಂಡಿ ಅದಕ್ಕಿಂತ ಮೇಲೆ, ಹೊಟ್ಟೆಯ ಬಳಿ ಇರುತ್ತದೆ. ಈ ಹಿಮ್ಮಡಿಕೀಲು ಮತ್ತು ಮಂಡಿ ಎರಡೂ ರೋಗದ ಮುಖ್ಯ ತಾಣಗಳು. ಎತ್ತರವಾಗಿ, ಬೇಗ ಬೇಗ ಬೆಳೆಯುವ ತಳಿಗಳಲ್ಲಿ, ಎಂದರೆ ಯೂರೋಪಿನ ವಾರ್ಮ್‌ಬ್ಲಡ್ ಕುದುರೆಗಳಲ್ಲಿಯೂ ಜೂಜಿನ ಕುದುರೆಗಳಲ್ಲಿಯೂ, ಇದು ಸಾಮಾನ್ಯ. ಚಿಕ್ಕ ತಟ್ಟುಗಳಲ್ಲಿ ವಿರಳ.

ಚಿಕಿತ್ಸೆಯ ಕಥೆಯಲ್ಲಿ ದೃಗ್ವಿಜ್ಞಾನದ ಪಾತ್ರ ದೊಡ್ಡದು. ಹಿಂದೆ ಸಡಿಲ ತುಣುಕನ್ನು ತೆಗೆಯಬೇಕಾದರೆ ಕೀಲನ್ನು ಉದ್ದವಾಗಿ ಸೀಳಿ ತೆರೆಯಬೇಕಾಗಿತ್ತು. ಗಾಯ ಕೀಯುವ, ಹೊಲಿಗೆ ಬಿಡುವ ಅಪಾಯ ಹೆಚ್ಚಾಗಿತ್ತು. ೧೯೧೮ರಲ್ಲಿ ಟೋಕಿಯೋ ನಗರದ ಕೆಂಜಿ ತಾಕಾಗಿ ಎಂಬ ವೈದ್ಯನು ಮೂತ್ರಕೋಶವನ್ನು ನೋಡುವ ನಳಿಕೆಯನ್ನು ಶವವೊಂದರ ಮೊಣಕಾಲಿನೊಳಗೆ ತೂರಿಸಿ ನೋಡಿದನು. ಅವನ ಶಿಷ್ಯ ಮಸಾಕಿ ವತನಾಬೆ ಉಪಕರಣವನ್ನು ಸುಧಾರಿಸಿ, ೧೯೬೨ರಲ್ಲಿ ಇಂಥ ನಳಿಕೆಯ ಮೂಲಕ ನೋಡುತ್ತಲೇ ಮನುಷ್ಯನ ಮೊಣಕಾಲಿನ ಹರಿದ ಮೆತ್ತೆಯ ಭಾಗವನ್ನು ಕತ್ತರಿಸಿ ತೆಗೆದನು. ಆದರೂ ನಳಿಕೆಯಲ್ಲಿ ಬೆಳಕು ಸಾಲದು, ಚಿತ್ರ ಮಸುಕು ಎಂಬ ದೂರು ಉಳಿದೇ ಇತ್ತು.

ಈ ಕೊರತೆಯನ್ನು ನೀಗಿದವನು ಇಂಗ್ಲೆಂಡಿನ ಭೌತವಿಜ್ಞಾನಿ ಹೆರಾಲ್ಡ್ ಹಾಪ್ಕಿನ್ಸ್. ಹಳೆಯ ನಳಿಕೆಯಲ್ಲಿ ತೆಳು ಮಸೂರಗಳ ನಡುವೆ ಉದ್ದವಾದ ಗಾಳಿಯ ಅಂತರಗಳಿದ್ದವು. ಹಾಪ್ಕಿನ್ಸ್ ಅದನ್ನು ತಿರುವುಮುರುವು ಮಾಡಿದನು: ನಳಿಕೆಯನ್ನು ಉದ್ದವಾದ ಗಾಜಿನ ದಂಡಗಳಿಂದ ತುಂಬಿ, ಅವುಗಳ ನಡುವೆ ಗಾಳಿಯ ಕಿರಿದಾದ ಅಂತರಗಳನ್ನು ಬಿಟ್ಟನು. ಗಾಳಿಯೇ ಮಸೂರವಾಯಿತು! ಸಾಗುವ ಬೆಳಕು ಮಾಧ್ಯಮದ ವಕ್ರೀಭವನಾಂಕದ ವರ್ಗಕ್ಕೆ ಅನುಗುಣವಾಗಿ ಹೆಚ್ಚುವುದರಿಂದ, ಗಾಜಿನ ಅಂಕ ೧.೫ ಎಂದು ಹಿಡಿದರೂ ಬೆಳಕು ಎರಡರಷ್ಟಕ್ಕಿಂತ ಹೆಚ್ಚಾಗುತ್ತದೆ. ಇನ್ನು ಹೊರಗಿನ ದೀಪದ ಬೆಳಕನ್ನು ಕೀಲಿನೊಳಕ್ಕೆ ಕೊಂಡೊಯ್ಯುವ ಕೆಲಸವನ್ನು ಕೂದಲೆಳೆಯಂಥ ಗಾಜಿನ ತಂತುಗಳು ಮಾಡುತ್ತವೆ. ನಮ್ಮ ತರಗತಿಯ ಪೂರ್ಣ ಆಂತರಿಕ ಪ್ರತಿಫಲನ ಕೆಲಸಕ್ಕೆ ಬರುವುದು ಇಲ್ಲಿಯೇ. ಇಂಥ ತಂತುಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಬಹುದೆಂದು ೧೯೫೪ರಲ್ಲಿ ತೋರಿಸಿಕೊಟ್ಟವರು ಅದೇ ಹಾಪ್ಕಿನ್ಸ್ ಮತ್ತು ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಎಂಬುದು ಭಾರತೀಯರಾದ ನಮಗೆ ಸಂತೋಷದ ಸಂಗತಿ.

ಈ ಸಾಧನವು ಕುದುರೆಯ ಚಿಕಿತ್ಸೆಗೆ ವ್ಯಾಪಕವಾಗಿ ಬಂದದ್ದು ೧೯೭೦ರ ದಶಕದ ನಂತರ. ನ್ಯೂಜಿಲೆಂಡಿನವರಾಗಿ ಅಮೆರಿಕದ ಕೊಲರಾಡೊ ರಾಜ್ಯ ವಿಶ್ವವಿದ್ಯಾಲಯದಲ್ಲಿ ಕೆಲಸಮಾಡಿದ ವೇಯ್ನ್ ಮೆಕಿಲ್‌ರೈತ್ ೧೯೮೪ರಲ್ಲಿ ಈ ವಿಷಯದ ಗ್ರಂಥವನ್ನು ಪ್ರಕಟಿಸಿ ಶಸ್ತ್ರವೈದ್ಯರಿಗೆ ದಾರಿ ತೋರಿಸಿದರು. ಮರಿಗೆ ಅರಿವಳಿಕೆ ಕೊಟ್ಟು ಮಲಗಿಸಿ, ಕೀಲಿನೊಳಗೆ ಶುದ್ಧ ದ್ರವವನ್ನು ಒತ್ತಡದಲ್ಲಿ ತುಂಬಿ ಉಬ್ಬಿಸುತ್ತಾರೆ. ಒಂದು ಸಣ್ಣ ರಂಧ್ರದಿಂದ ಸುಮಾರು ನಾಲ್ಕು ಮಿಲಿಮೀಟರ್ ದಪ್ಪದ ದರ್ಶಕ ಒಳಹೊಗುತ್ತದೆ. ಇನ್ನೊಂದರಿಂದ ಚಿಮುಟ ಒಳಹೊಗುತ್ತದೆ. ಪರದೆಯ ಮೇಲೆ ನೋಡುತ್ತ ಸಡಿಲ ತುಣುಕನ್ನು ಹಿಡಿದು ತೆಗೆದು, ಕೆಟ್ಟ ಭಾಗವನ್ನು ಗಟ್ಟಿ ಎಲುಬು ಕಾಣುವವರೆಗೆ ಕೆರೆದು, ಕೀಲನ್ನು ತೊಳೆದು ಹೊಲಿಯುತ್ತಾರೆ.

ಫಲವೇನು? ಮೆಕಿಲ್‌ರೈತ್ ಮತ್ತು ಸಂಗಡಿಗರು ಹಿಮ್ಮಡಿಕೀಲಿನ ಚಿಕಿತ್ಸೆಯ ಫಲವನ್ನು ೧೯೯೧ರಲ್ಲಿ ಪ್ರಕಟಿಸಿದರು. ಮುಂದಿನ ವೃತ್ತಾಂತ ತಿಳಿದುಬಂದ ೧೮೩ ಕುದುರೆಗಳಲ್ಲಿ ೧೪೦, ಎಂದರೆ ನೂರಕ್ಕೆ ೭೬ರಷ್ಟು, ಓಟಕ್ಕೋ ಉದ್ದೇಶಿಸಿದ ಬೇರೆ ಕೆಲಸಕ್ಕೋ ಒದಗಿದ್ದವು. ಮಂಡಿಯ ಫಲ ೧೯೯೨ರಲ್ಲಿ ಪ್ರಕಟವಾಯಿತು. ಅಲ್ಲಿ ಒಟ್ಟು ಯಶಸ್ಸು ನೂರಕ್ಕೆ ೬೪; ಗಾಯದ ಉದ್ದ ಎರಡು ಸೆಂಟಿಮೀಟರಿಗಿಂತ ಕಡಮೆಯಿದ್ದಲ್ಲಿ ೭೮, ಎರಡರಿಂದ ನಾಲ್ಕರವರೆಗೆ ಇದ್ದಲ್ಲಿ ೬೩, ನಾಲ್ಕನ್ನು ಮೀರಿದ್ದಲ್ಲಿ ೫೪. ನಿಜವಾಗಿ ರೋಗಪೀಡಿತವಾದ ಕೀಲಿಗೆ ಈ ಚಿಕಿತ್ಸೆ ದೊಡ್ಡ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ. ಗಾಯ ಹಿಗ್ಗಲು ಬಿಟ್ಟಷ್ಟೂ ಯಶಸ್ಸು ಕುಗ್ಗುತ್ತದೆ ಎಂಬುದೂ ಇದೇ ಅಂಕಿಗಳಿಂದ ಸ್ಪಷ್ಟ.

ಆದರೆ ಶಸ್ತ್ರವೈದ್ಯನು ಕೀಲನ್ನು ಮೊದಲಿನಂತೆ ಮಾಡುತ್ತಾನೆಂದು ಯಾರೂ ಭ್ರಮಿಸಬಾರದು. ಮೃದ್ವಸ್ಥಿ ಒಮ್ಮೆ ನಾಶವಾದರೆ ಮತ್ತೆ ಅದೇ ಗುಣದಲ್ಲಿ ಬೆಳೆಯುವುದಿಲ್ಲ. ಲಂಡನ್ನಿನ ವಿಲಿಯಂ ಹಂಟರ್ ೧೭೪೩ರಷ್ಟು ಹಿಂದೆಯೇ ಇದನ್ನು ರಾಯಲ್ ಸೊಸೈಟಿಯ ಮುಂದಿಟ್ಟಿದ್ದನು. ಕೆರೆದ ಗುಳಿಯನ್ನು ತುಂಬುವುದು ನಾರಿನಂಥ ಬೇರೊಂದು ಅಂಗಾಂಶ. ಅದು ಕೆಲಸಕ್ಕೆ ಬರುತ್ತದೆ, ಆದರೆ ಮೂಲದ ಸಮವಲ್ಲ. ಆದುದರಿಂದಲೇ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಅಲನ್ ನಿಕ್ಸನ್ ಮತ್ತು ಸಂಗಡಿಗರು, ಪೂರ್ತಿ ಕಿತ್ತುಬಾರದ ಪದರವನ್ನು ತೆಗೆಯುವ ಬದಲು ಕಾಲಕ್ರಮದಲ್ಲಿ ದೇಹದಲ್ಲಿಯೇ ಕರಗುವ ಸಣ್ಣ ಮೊಳೆಗಳಿಂದ ಸ್ವಸ್ಥಾನದಲ್ಲಿ ಭದ್ರಪಡಿಸುವ ವಿಧಾನವನ್ನು ೨೦೦೪ರಲ್ಲಿ ವರದಿ ಮಾಡಿದರು. ಉಳಿಸಬಹುದಾದುದನ್ನು ಉಳಿಸುವುದೇ ಲೇಸು ಎಂಬ ವಿವೇಕ ಇದರ ಹಿಂದಿದೆ.

ಇನ್ನು ನಮ್ಮ ಪ್ರಶ್ನೆಗೆ ಬರೋಣ. ಹಾಲೆಂಡಿನ ಡಿಕ್, ವಾನ್ ವೀರೆನ್ ಮೊದಲಾದವರು ವಾರ್ಮ್‌ಬ್ಲಡ್ ಮರಿಗಳ ಕೀಲುಗಳನ್ನು ಒಂದು ತಿಂಗಳ ವಯಸ್ಸಿನಿಂದ ಹನ್ನೊಂದು ತಿಂಗಳವರೆಗೆ ಮತ್ತೆ ಮತ್ತೆ ಕ್ಷ-ಕಿರಣಗಳಿಂದ ಪರೀಕ್ಷಿಸಿ ೧೯೯೯ರಲ್ಲಿ ಒಂದು ಮುಖ್ಯ ಸಂಗತಿಯನ್ನು ತಿಳಿಸಿದರು. ಮೊದಲ ತಿಂಗಳುಗಳಲ್ಲಿ ಕಂಡ ದೋಷಗಳಲ್ಲಿ ಅನೇಕವು ತಾವಾಗಿಯೇ ಮಾಯವಾಗಿದ್ದವು! ಹಿಮ್ಮಡಿಕೀಲಿನ ದೋಷಗಳು ಸುಮಾರು ಐದು ತಿಂಗಳ ವಯಸ್ಸಿನವರೆಗೆ, ಮಂಡಿಯ ದೋಷಗಳು ಸುಮಾರು ಎಂಟು ತಿಂಗಳವರೆಗೆ ವಾಸಿಯಾಗಬಲ್ಲವು. ಆಮೇಲೆ ಉಳಿದದ್ದು ಸಾಮಾನ್ಯವಾಗಿ ಉಳಿದೇಬಿಡುತ್ತದೆ. ಪ್ರಕೃತಿಯೇ ಮೊದಲ ಶಸ್ತ್ರವೈದ್ಯ. ಅವಳ ಸರದಿ ಮುಗಿಯುವ ಮುನ್ನ ಎರಡನೆಯವನು ಕತ್ತಿ ಹಿಡಿಯುವುದು ಅವಸರ.

ಈ ಅವಸರಕ್ಕೆ, ಆ ವಯಸ್ಸು ಕಳೆದ ಮೇಲಿನ ಎಷ್ಟೋ ಶಸ್ತ್ರಕ್ರಿಯೆಗಳಿಗೆ ಕೂಡ, ಕಾರಣ ಕುಂಟಲ್ಲ, ಮಾರುಕಟ್ಟೆ. ಅಮೆರಿಕದ ಕೆಂಟಕಿ ರಾಜ್ಯದ ಕೀನ್‌ಲೆಂಡಿನಂಥ ದೊಡ್ಡ ಹರಾಜುಗಳಲ್ಲಿ ವರ್ಷ ತುಂಬಿದ ಮರಿಗಳ ಕ್ಷ-ಕಿರಣ ಚಿತ್ರಗಳನ್ನು ಕೊಳ್ಳುವವರ ವೈದ್ಯರು ನೋಡಲೆಂದು ಒಂದೆಡೆ ಇಟ್ಟಿರುತ್ತಾರೆ. ಚಿತ್ರದಲ್ಲಿ ತುಣುಕು ಕಂಡರೆ ಬೆಲೆ ಇಳಿಯುತ್ತದೆ. ಆದುದರಿಂದ ಕುಂಟದ, ಊತವೂ ಇಲ್ಲದ ಮರಿಗಳಿಗೂ ಹರಾಜಿಗೆ ಮುನ್ನ ಶಸ್ತ್ರಚಿಕಿತ್ಸೆ ಮಾಡಿಸುವ ವಾಡಿಕೆ ಬೆಳೆದಿದೆ. ಆದರೆ ಚಿತ್ರದ ದೋಷವೆಲ್ಲ ಕುದುರೆಯ ದೋಷವೆ? ಹರಾಜಿಗೆ ಬಂದ ೧,೧೬೨ ಜೂಜಿನ ಮರಿಗಳ ಚಿತ್ರಗಳನ್ನು ಅವುಗಳ ಮುಂದಿನ ಓಟದೊಡನೆ ಹೋಲಿಸಿ ನೋಡಿದ ಅಧ್ಯಯನವೊಂದು ೨೦೦೩ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ನೂರಕ್ಕೆ ೮೧ರಷ್ಟು ಎರಡನೆಯ ಅಥವಾ ಮೂರನೆಯ ವಯಸ್ಸಿನಲ್ಲಿ ಓಡಿದ್ದವು. ಚಿತ್ರಗಳಲ್ಲಿ ಕಂಡ ಬಗೆಬಗೆಯ ಬದಲಾವಣೆಗಳಲ್ಲಿ ಕೆಲವಕ್ಕೆ ಮಾತ್ರ ಓಟದ ಕುಂದಿನೊಡನೆ ಸಂಬಂಧವಿದ್ದಿತು.

ಮೂಕಪ್ರಾಣಿಗೆ ಶಸ್ತ್ರಚಿಕಿತ್ಸೆ ಆಟವಲ್ಲ. ಅರಿವಳಿಕೆ ಪಡೆದ ಕುದುರೆ ಎಚ್ಚರಗೊಳ್ಳುವಾಗ ತನ್ನ ನೂರಾರು ಕಿಲೋಗ್ರಾಂ ಭಾರವನ್ನು ತಡವರಿಸುವ ಕಾಲುಗಳ ಮೇಲೆ ಎತ್ತಿ ನಿಲ್ಲಿಸಿಕೊಳ್ಳಬೇಕು. ಎಡವಿದರೆ ಎಲುಬು ಮುರಿಯುತ್ತದೆ. ಅನೇಕ ದೇಶಗಳ ಆಸ್ಪತ್ರೆಗಳಿಂದ ಒಟ್ಟುಗೂಡಿಸಿ ೨೦೦೨ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಹೊಟ್ಟೆಶೂಲೆಯ ತುರ್ತು ಚಿಕಿತ್ಸೆಗಳನ್ನು ಬಿಟ್ಟರೂ, ನೂರಕ್ಕೆ ಹತ್ತಿರಹತ್ತಿರ ಒಂದು ಕುದುರೆ ಅರಿವಳಿಕೆಯ ನಂತರದ ದಿನಗಳಲ್ಲಿ ಸತ್ತಿತ್ತು. ಆಮೇಲಿನ ವರ್ಷಗಳಲ್ಲಿ ಈ ಪ್ರಮಾಣ ಇಳಿದಿದೆ, ಸೊನ್ನೆಯಾಗಿಲ್ಲ. ನೋವನ್ನು ನೀಗುವುದಕ್ಕಾಗಿ ಈ ಅಪಾಯವನ್ನು ಹೊರಿಸುವುದು ನ್ಯಾಯ. ಚಿತ್ರವನ್ನು ಚೊಕ್ಕಟ ಮಾಡುವುದಕ್ಕಾಗಿ ಹೊರಿಸುವುದು ಯಾವ ನ್ಯಾಯ?

ಎದುರುವಾದವನ್ನೂ ಕೇಳಬೇಕು. ಇಂದು ಕುಂಟದ ಮರಿ ನಾಳೆ ಕಠಿನ ಶಿಕ್ಷಣಕ್ಕೆ ಬಿದ್ದಾಗ ಕುಂಟಬಹುದು. ತುಣುಕು ಆಗ ಇಡೀ ಕೀಲನ್ನು ಕೆಡಿಸಬಹುದು. ಆದುದರಿಂದ ಮೊದಲೇ ತೆಗೆಯುವುದು ಜಾಣತನ ಎಂದು ಅನುಭವಿಗಳಾದ ಶಸ್ತ್ರವೈದ್ಯರೇ ಹೇಳುತ್ತಾರೆ. ಈ ಮಾತಿನಲ್ಲಿ ತಿರುಳಿದೆ. ಗಾಯ ದೊಡ್ಡದಾದಷ್ಟೂ ಯಶಸ್ಸು ಕಡಮೆಯೆಂದು ನಾವೇ ಮೇಲೆ ಒಪ್ಪಿದ್ದೇವೆ. ಪ್ರಕೃತಿಯ ಸರದಿ ಮುಗಿದ ಮೇಲೂ ಉಳಿದ ತುಣುಕು ಕೀಲಿಗೆ ಅಪಾಯಕರವಾದ ಸ್ಥಳದಲ್ಲಿದೆಯೆಂದು ವೈದ್ಯನು ನಿರ್ಣಯಿಸಿದರೆ ತೆಗೆಯಲಿ, ತಡಮಾಡದೆ ತೆಗೆಯಲಿ. ಆದರೆ ತೆಗೆದದ್ದನ್ನು ಬಚ್ಚಿಡಬಾರದು.

ಬಚ್ಚಿಡುವುದರಿಂದ ಆಗುವ ಕೇಡು ಒಂದು ಮರಿಗೆ ಮುಗಿಯುವುದಿಲ್ಲ. ಈ ರೋಗದಲ್ಲಿ ವಂಶದ ಪಾಲುಂಟು. ಹಾಲೆಂಡಿನ ಕುದುರೆಗಳ ಮೇಲೆ ೨೦೦೯ರಲ್ಲಿ ಪ್ರಕಟವಾದ ಲೆಕ್ಕದಂತೆ, ಮರಿ ಮರಿಗೂ ಕಾಣುವ ವ್ಯತ್ಯಾಸದಲ್ಲಿ ಸುಮಾರು ಕಾಲುಭಾಗ ಆನುವಂಶಿಕ. ಆದುದರಿಂದಲೇ ಅಲ್ಲಿಯ ತಳಿಪುಸ್ತಕವು ಗಂಡು ಕುದುರೆಯನ್ನು ಬೀಜಕ್ಕೆ ಒಪ್ಪಿಕೊಳ್ಳುವ ಮುನ್ನ ಕೀಲುಗಳ ಕ್ಷ-ಕಿರಣ ಪರೀಕ್ಷೆಯನ್ನು ಕೇಳುತ್ತದೆ. ತುಣುಕನ್ನು ಮೊದಲೇ ತೆಗೆಸಿ ಚೊಕ್ಕಟವಾದ ಚಿತ್ರವನ್ನು ಮುಂದಿಟ್ಟರೆ ಪರೀಕ್ಷೆ ಮೋಸಹೋಗುತ್ತದೆ. ಚಿಮುಟಕ್ಕೆ ಸಿಕ್ಕಿದ್ದು ಎಲುಬಿನ ಚೂರು ಮಾತ್ರ. ವಂಶವಾಹಿಗಳು ಚಿಮುಟಕ್ಕೆ ಸಿಕ್ಕುವುದಿಲ್ಲ. ಅಂಥ ಬೀಜದ ಕುದುರೆಯ ನೂರಾರು ಮರಿಗಳಲ್ಲಿ ಎಷ್ಟೋ ಮರಿಗಳು ಅದೇ ಮೇಜಿನ ಮೇಲೆ ಮಲಗಬೇಕಾದೀತು.

ಉಳಿದ ಮುಕ್ಕಾಲು ಭಾಗದ ವಿಚಾರವೇನು? ಅದರಲ್ಲಿ ನಮ್ಮ ಸಾಕಣೆಯ ಪಾಲು ದೊಡ್ಡದು. ಆಸ್ಟ್ರೇಲಿಯದ ಸಾವೇಜ್ ಮತ್ತು ಸಂಗಡಿಗರು ೧೯೯೩ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ, ಅಗತ್ಯವೆಂದು ನಿಗದಿಯಾದ ಶಕ್ತಿಯ ನೂರಕ್ಕೆ ೧೨೯ರಷ್ಟನ್ನು ಆಹಾರದಲ್ಲಿ ಪಡೆದ ಮರಿಗಳಲ್ಲಿ ಮೃದ್ವಸ್ಥಿಯ ದೋಷಗಳು ಹೆಚ್ಚಾಗಿ ಕಂಡುಬಂದವು. ಹರಾಜಿನ ದಿನ ಮರಿ ದೊಡ್ಡದಾಗಿ, ಮಿರುಗುತ್ತ ಕಾಣಲೆಂದು ಧಾನ್ಯವನ್ನು ಸುರಿಯುವವನೇ, ಅದೇ ಹರಾಜಿಗಾಗಿ ಅದರ ಕೀಲನ್ನು ಚೊಕ್ಕಟ ಮಾಡಿಸಲು ಶಸ್ತ್ರವೈದ್ಯನ ಬಾಗಿಲು ತಟ್ಟುತ್ತಾನೆ! ಒಂದು ಕೈಯಿಂದ ರೋಗವನ್ನು ಬಿತ್ತಿ ಇನ್ನೊಂದು ಕೈಯಿಂದ ಕೊಯ್ದಂತೆ ಇದು.

ಆದುದರಿಂದ ನಮ್ಮ ಅಭಿಪ್ರಾಯ ಇಷ್ಟು. ಮೊದಲು ಮಿತವಾದ ಮೇವು, ಬಯಲಿನಲ್ಲಿ ಓಡಾಟ, ವಿವೇಕದ ಬೀಜದ ಆಯ್ಕೆ. ಆಮೇಲೆ ಪ್ರಕೃತಿಗೆ ಅವಳ ಐದು ಅಥವಾ ಎಂಟು ತಿಂಗಳ ಕಾಲಾವಕಾಶ. ಆಮೇಲೂ ರೋಗ ಉಳಿದರೆ ಕುದುರೆಯ ಹಿತವನ್ನೇ ಮುಂದಿಟ್ಟುಕೊಂಡು ನುರಿತ ಕೈಯಿಂದ ಶಸ್ತ್ರಚಿಕಿತ್ಸೆ. ಕೊನೆಯದಾಗಿ, ನಡೆದ ಪ್ರತಿಯೊಂದು ಶಸ್ತ್ರಕ್ರಿಯೆಯೂ, ಅದಕ್ಕೆ ಹಿಂದಿನ ಚಿತ್ರದೊಡನೆ, ಕುದುರೆಯ ದಾಖಲೆಯಲ್ಲಿ ಅಳಿಯದಂತೆ ಬರೆದಿರಬೇಕು. ಕೊಳ್ಳುವವನಿಗೂ ತಳಿಪುಸ್ತಕಕ್ಕೂ ಅದು ಕಾಣಬೇಕು. ಈ ನಿಯಮ ಕೆಂಟಕಿಗೋ ಹಾಲೆಂಡಿಗೋ ಮಾತ್ರವಲ್ಲ. ಹೈದರಾಲಿ, ಟಿಪ್ಪುಸುಲ್ತಾನರ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಕುಣಿಗಲ್ ನಮ್ಮ ನಾಡಿನಲ್ಲಿಯೇ ಇದೆ. ಕುದುರೆಯನ್ನು ಸಾಕುವವರು ಎಲ್ಲಿದ್ದರೂ ಅವರಿಗೆ ಇದು ಅನ್ವಯಿಸುತ್ತದೆ.

ವಿದ್ಯಾರ್ಥಿಗಳಿಗೆ ಇದರಲ್ಲಿ ಕಲಿಯಬೇಕಾದುದೇನು? ಪ್ರಯೋಗಶಾಲೆಯಲ್ಲಿ ಉಷ್ಣಮಾಪಕ ಹೆಚ್ಚು ತೋರಿಸಿತೆಂದು ಪಾದರಸವನ್ನು ಕೊಡವಿ ಇಳಿಸಿದರೆ ಜ್ವರ ಇಳಿಯುವುದಿಲ್ಲವೆಂದು ನೀವೆಲ್ಲ ಬಲ್ಲಿರಿ. ಉಪಕರಣದ ಸೂಚನೆ ಬೇರೆ, ಅದು ಸೂಚಿಸುವ ವಸ್ತು ಬೇರೆ. ಕ್ಷ-ಕಿರಣದ ಚಿತ್ರವೂ ಒಂದು ಸೂಚನೆಯೇ. ಅದನ್ನು ಓದಿ ಕುದುರೆಯನ್ನು ನೋಡಬೇಕು. ಕುದುರೆಯನ್ನು ಮರೆತು ಚಿತ್ರವನ್ನು ತಿದ್ದಬಾರದು. ಗಾಜಿನ ತಂತುವಿನಲ್ಲಿ ಬೆಳಕು ಹಾದಿ ತಪ್ಪದೆ ಸಾಗುವುದು ನಿಯಮಕ್ಕೆ ಕಟ್ಟುಬಿದ್ದು. ಆ ಬೆಳಕನ್ನು ಹಿಡಿದ ಕೈಗೂ ಒಂದು ನಿಯಮ ಬೇಕು. ಹಿಂದಿನ ಬೆಂಚಿನ ನಮ್ಮ ಗೆಳೆಯ ಮುಂದೊಮ್ಮೆ ಪಶುವೈದ್ಯನಾದರೆ, ಆ ಬೆಳಕು ಏಕೆ ಒಳಗೇ ಹಿಂದಿರುಗುತ್ತದೆ ಎಂಬುದರ ಜೊತೆಗೆ, ಅದು ಯಾರ ಹಿತಕ್ಕಾಗಿ ಒಳಗೆ ಹೋಯಿತು ಎಂಬುದನ್ನೂ ಕೇಳಿಕೊಳ್ಳುವನೆಂದು ನಂಬುತ್ತೇವೆ.